ಕಡಕ್ಕಲ್

ಕಾಸರಗೋಡು ಕೇರಳಕ್ಕೆ ಸೇರಿದಾಗ ಮಂಜೇಶ್ವರದ ಇಂಜಿನಿಯರ್ ಕಮಲಾಕ್ಷನೂ ಅದರ ಜೊತೆಗೇ ಸೇರಿಹೋದ. ತಿರುವನಂತಪುರದ ಕಚೇರಿಯಲ್ಲಿ ಮೇಜು ಸಿಕ್ಕಿತು, ಮಲಯಾಳ ಮಾತ್ರ ಸಿಗಲಿಲ್ಲ. ಕನ್ನಡದ ಪದಕ್ಕೆ ಮಲಯಾಳದ ಬಾಲ ಕಟ್ಟಿ ಮಾತಾಡುತ್ತಿದ್ದ. ಹೆಚ್ಚಿನ ಸಲ ಗಾಡಿ ಓಡುತ್ತಿದ್ದುದರಿಂದ ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ಆದರೆ ಮಗಳು ರಾಜೀವಿ ಏನು ಕೇಳಿದರೂ ಮಲಯಾಳದಲ್ಲೇ ಉತ್ತರ ಕೊಡುವುದು ಅವನಿಗೆ ಸಹಿಸದು. ಕನ್ನಡದಲ್ಲಿ ಹೇಳು ಎಂದು ದಿನಾ ಗದರುತ್ತಿದ್ದ.

ಕೊಚ್ಚಿಯ ಫುಟ್‌ಬಾಲ್ ಮೈದಾನದ ಗ್ಯಾಲರಿಗೆ ಅವನೇ ಲೆಕ್ಕ ಹಾಕಿದ ಕಾಂಕ್ರೀಟ್ ಮಾಡು, ಅಂದರೆ ಚಾವಣಿ, ಎದ್ದಿತ್ತು. ಆಟ ನೋಡುವವರಿಗೆ ಅಡ್ಡ ಬರಬಾರದೆಂದು ಮುಂದೆ ಕಂಬವೇ ಇಲ್ಲ. ಹಿಂದಿನ ಕಂಬಗಳನ್ನು ನಂಬಿ ಮುಂದಕ್ಕೆ ಚಾಚಿದ ಮಾಡು. ಕಾಂಕ್ರೀಟ್ ಗಟ್ಟಿಯಾಗುವವರೆಗೆಂದು ಕೆಳಗೆ ಸಾಲಾಗಿ ಕೊಟ್ಟ ಆಸರೆಮರಗಳನ್ನು ಸೋಮವಾರ ತೆಗೆಯುವುದಿತ್ತು. ಇಂಥ ಮಾಡಿಗೆ ತುದಿಯ ಮರ ಮೊದಲು ಬಿಚ್ಚಬೇಕು. ಕಂಬಕ್ಕೆ ಹತ್ತಿರದ ಬುಡದಿಂದ ಶುರುಮಾಡಿದರೆ ತುದಿ ಮರದ ಮೇಲೆ ಕೂತೇ ಇರುತ್ತದೆ, ನಡು ಜೋಲುತ್ತದೆ. ಕಬ್ಬಿಣವೆಲ್ಲ ಮೇಲ್ಬದಿಗೇ ಇರುವುದರಿಂದ ಅಡಿಯಲ್ಲಿ ಬಿರುಕು ಬಿಟ್ಟರೆ ತಡೆಯುವುದು ಏನೂ ಇಲ್ಲ. ಕೆಳಗೆ ನಿಂತವರ ಗತಿ ಹೇಳಬೇಕಾಗಿಲ್ಲ.

ಶನಿವಾರ ಟ್ರಂಕ್ ಕಾಲ್‌ನಲ್ಲಿ ಕೊಚ್ಚಿಯ ವರೀದ್ ಮೇಸ್ತ್ರಿಗೆ ಇದನ್ನೇ ಕೂಗಿ ಹೇಳಿದ. ಕಡೆಯಿಂದ, ಎಂದರೆ ತುದಿಯಿಂದ, ಬಿಚ್ಚಬೇಕು ಎನ್ನಲು 'ಕಡೆ'ಗೆ ಒಂದು ಬಾಲ ಕಟ್ಟಿ, "ಕಡಕ್ಕಲ್ ನಿನ್ನು ಅಳಿಕ್ಕಣಂ" ಎಂದ. ಮೇಸ್ತ್ರಿ ಶರಿ ಸಾರ್ ಎಂದು ಫೋನಿಟ್ಟ.

ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಕರಿಬೇವಿನ ಗಿಡಕ್ಕೆ ನೀರು ಹಾಕಿದೆಯಾ ಎಂದು ಮಗಳನ್ನು ಕೇಳಿದ.

"ಕಡಕ್ಕಲ್ ಒಳಿಚ್ಚು, ಅಚ್ಛಾ," ಎಂದಳು, ಹಾಕಿದೆ ಅಪ್ಪ ಎನ್ನಲು.

ಗದರಲು ಬಾಯಿ ತೆರೆದವನು ಗಿಡ ನೋಡಿದ. ತುದಿಯ ಎಲೆಗಳಿಗೆ ಹನಿಯೂ ಬಿದ್ದಿರಲಿಲ್ಲ. ನೀರು ಬುಡದಲ್ಲಿ ನಿಂತಿತ್ತು. ಮಲಯಾಳದ ಕಡಕ್ಕಲ್ ಕಡೆಯಲ್ಲ, ಬುಡ.

ಮೈದಾನದ ಫೋನನ್ನು ಯಾರೂ ಎತ್ತಲಿಲ್ಲ. ಚಪ್ಪಲಿಯಲ್ಲೇ ಚಾಲೈ ಪೇಟೆಯವರೆಗೆ ಓಡಿ ಕೊಚ್ಚಿಗೆ ಸಿಕ್ಕ ಬಸ್ಸು ಹತ್ತಿದ. ಕೂತ, ಎದ್ದ, ಮತ್ತೆ ಕೂತ. ಹರಿಪ್ಪಾಡಿನಲ್ಲಿ ಟಯರು ಪಂಕ್ಚರ್ ಆಗಿ ಉಳಿದವರು ಚಹಾ ಕುಡಿಯುತ್ತಿದ್ದರೆ ಇವನು ಡ್ರೈವರನ ತಲೆ ತಿನ್ನುತ್ತ ನಿಂತ. ಬೆಳಿಗ್ಗೆ ಅರೂರಿನ ಕಡವಿನಲ್ಲಿ ದೋಣಿಗೆ ಕಾಯುವಾಗಲಂತೂ ಈಜಿಬಿಡೋಣ ಅನ್ನಿಸಿತು, ಈಜು ಬಾರದಿದ್ದರೂ.

ಮೈದಾನದ ಹೊರಗೇ ಸುತ್ತಿಗೆಯ ಸದ್ದು ಕೇಳಿಸಿತು. ಬುಡದ ಮೊದಲ ಸಾಲು ಹೋಗಿಯಾಗಿತ್ತು. ಆಳುಗಳು ಎರಡನೆಯದಕ್ಕೆ ಕೈಹಾಕಿದ್ದರು. ಕಮಲಾಕ್ಷ ನುಗ್ಗಿ ಎದುರಿಗಿದ್ದ ಮರವನ್ನು ತಬ್ಬಿಕೊಂಡ. ಯಾವ ಪದ ಆಡಿದರೆ ಏನಾಗುತ್ತದೋ ಎಂಬ ಭಯಕ್ಕೆ ಬೇಡವೆಂದು ಬರೀ ತಲೆ ಅಲ್ಲಾಡಿಸಿದ.

"ಸಾರ್ ಅಲ್ಲೇ ಪರಞ್ಞದು, ಕಡಕ್ಕಲ್ ನಿನ್ನು ಎನ್ನು?" ಎಂದ ವರೀದ್, ಗೊಂದಲದಲ್ಲಿ.

"ಹೌದು ಮಾರಾಯ, ನಾನೇ ಹೇಳಿದ್ದು," ಎಂದ ಕಮಲಾಕ್ಷ, ಕನ್ನಡದಲ್ಲೇ.

ಕೈಸನ್ನೆಯಲ್ಲೇ ಎಲ್ಲರನ್ನೂ ಹೊರಗೆ ಕಳಿಸಿದ. ಮಾಡಿನ ಅಡಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅದು ಬೆಳೆಯುತ್ತಿಲ್ಲವೆಂದು ಖಾತ್ರಿಯಾದ ಮೇಲೆ ತೆಗೆದ ಮರಗಳನ್ನು ಅದೇ ಜಾಗಕ್ಕೆ ಮತ್ತೆ ಕೊಡಿಸಿದ. ಆಮೇಲೆ ಮಾಡಿನ ತುದಿಗೆ ಹೋಗಿ, ಅಲ್ಲಿಯ ಮರಕ್ಕೆ ಅಂಗೈಯಿಂದ ಬಡಿದು ತೋರಿಸಿದ. ಸಂಜೆ ಕೊನೆಯ ಮರ ಬೀಳುವವರೆಗೂ ತಾನೇ ಕೆಳಗೆ ನಿಂತಿದ್ದ. ಮಾಡು ಚೂರು ತಗ್ಗಿ, ನಿಂತುಕೊಂಡಿತು.

ಮರುದಿನ ಮನೆಗೆ ಬಂದಾಗ ರಾಜೀವಿ ಚೊಂಬು ಹಿಡಿದು ಗಿಡದ ಬಳಿ ಇದ್ದಳು. ಅಪ್ಪನ ಕೆಂಪು ಕಣ್ಣು ಕಂಡು ಹೆದರಿ, ಒಂದೊಂದೇ ಪದ ಹುಡುಕಿ ಹೇಳಿದಳು.

"ಬುಡಕ್ಕೆ... ಹಾಕಿದ್ದು, ಅಪ್ಪ."

ಕಮಲಾಕ್ಷ ಮೆಟ್ಟಿಲ ಮೇಲೆ ಕುಸಿದು ಕೂತ.

"ಮಲಯಾಳದಲ್ಲಿ ಹೇಳು ಮಗಾ," ಎಂದ. "ಇನ್ನೊಮ್ಮೆ ಹೇಳು."