ಖಾಲಿ ಲೋಟ

ಬೇಸಿಗೆ ರಜೆ ಬಂತೆಂದರೆ ಆ ಶಾಲೆಯ ಮೂಲೆಕೋಣೆ ಈಗಲೂ ನನ್ನ ಕಣ್ಣಿಗೆ ಕಟ್ಟುತ್ತದೆ. ಗೋಡೆಗೆ ಒತ್ತರಿಸಿದ ಬೆಂಚುಗಳು, ಕಿರುಗುಟ್ಟುವ ಫ್ಯಾನು, ಸೀಮೆಸುಣ್ಣದ ವಾಸನೆ. ಮಾತು ತಡವಾದ ಮಕ್ಕಳಿಗೆ ಅಲ್ಲಿ ರಜೆಯ ಶಿಬಿರ. ನಾನು ಮಾತು ಕಲಿಸುವವಳು. ಶರಬತ್ತಿನ ಹೊತ್ತಿಗೆ ಮಗುವಿನ ಮುಂದೆ ಬೇಕೆಂದೇ ಖಾಲಿ ಲೋಟ ಇಟ್ಟು, ಜಗ್ಗು ಹಿಡಿದು, "ಬೇಕಾ? ಕೇಳು" ಎಂದು ಕಾಯುವುದು ನನ್ನ ಉಪಾಯ. ಬಾಯಿಬಿಟ್ಟು ಕೇಳಿದರೆ ತುಂಬಿಸುತ್ತಿದ್ದೆ.

"ಬಾಯಾರಿದ ಮಗು ಹತ್ರ ಇದೆಂಥಾ ಆಟ ತಾಯಿ? ನಿಂಗೆ ಕರುಳು ಅನ್ನೋದು ಇದೆಯಾ?" ಎಂದು ಅಡುಗೆಯಮ್ಮ ದಿನವೂ ರೇಗುತ್ತಿದ್ದರು.

"ಮಾತು ಬರ್ಲಿ ಅಂತಾನೇ ಮಾಡ್ತಿರೋದು, ನೀವು ಸುಮ್ನಿರಿ" ಎಂದು ನಾನೂ ಬಿಡುತ್ತಿರಲಿಲ್ಲ.

ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಮಾತ್ರ ನನಗೆ ಜಗ್ಗಲಿಲ್ಲ. ಖಾಲಿ ಲೋಟವನ್ನೇ ಎತ್ತಿ ಗಟಗಟ ಕುಡಿದಂತೆ ನಟಿಸಿ, ಬಾಯಿ ಒರೆಸಿಕೊಂಡು ವಾಪಸ್ ಕೊಡುತ್ತಿದ್ದಳು. ಕೊನೆಗೆ ನಾನೇ ಸೋತು ತುಂಬಿಸಿ ಕೊಡುತ್ತಿದ್ದೆ. ಅಡುಗೆಯಮ್ಮನಿಗೆ ನಗು ತಡೆಯಲಾಗುತ್ತಿರಲಿಲ್ಲ.

ಶಿಬಿರದ ಕೊನೆಯ ದಿನ ಗೋಡೆಯ ಚಿತ್ರಗಳನ್ನು ಬಿಚ್ಚುತ್ತಿದ್ದೆ. ಸೆಕೆಗೆ ಗಂಟಲು ಒಣಗಿತ್ತು. ಆ ಹುಡುಗಿ ಬಂದು ನನ್ನ ಮುಂದೆ ಖಾಲಿ ಲೋಟ ಇಟ್ಟಳು. ಜಗ್ಗನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ನನ್ನಂತೆಯೇ ಹುಬ್ಬೇರಿಸಿ ನಿಂತಳು.

"ಬೇಕಾ?"

ನಾನು ಕೇಳಿದ ಅವಳ ಮೊದಲ ಮಾತು ಅದು. ಮಾತನ್ನೇ ನಂಬಿ ಅನ್ನ ತಿನ್ನುವ ನಾನು ಬೇಕೆಂದು ಬರೀ ತಲೆಯಾಡಿಸಿದೆ.

ಅವಳು ಜಗ್ಗನ್ನು ಹಿಂದಕ್ಕೆಳೆದುಕೊಂಡಳು.

"ಕೇಳು."