ಖಾಲಿ ಕಾಣಬೇಕಾದ ಅಡುಗೆಮನೆ

ನಾಲ್ಕನೆಯ ಡ್ರಾಯರ್ ಎಳೆದರೂ ಸೌಟು ಸಿಗಲಿಲ್ಲ. ಸಿಕ್ಕಿದ್ದು ಹಳೇ ಬ್ಯಾಟರಿಗಳು, ಅಳತೆಯ ಟೇಪು, ಪಿಜ್ಜಾ ಅಂಗಡಿಯವರು ಕೊಟ್ಟ ಖಾರದ ಪೊಟ್ಟಣಗಳು, ಮಗಳು ಇಳಾಳ ಹೇರ್ ಬ್ಯಾಂಡುಗಳು. ಸೌಟು, ಜಾಲರಿ, ಇಕ್ಕಳ ಈ ಮೂರೂ ಒಲೆಯ ಬಲಗಡೆಯ ಮೊದಲನೇ ಡ್ರಾಯರಿನಲ್ಲಿರಬೇಕು. ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟರೂ ನನ್ನ ಕೈ ಅಲ್ಲಿಗೇ ಹೋಗುತ್ತದೆ. ಹೋಯಿತು ಕೂಡ. ಅಲ್ಲಿ ನನ್ನ ಗಂಡ ಕೇಶವನ ಸ್ಕ್ರೂಡ್ರೈವರುಗಳು ಸಾಲಾಗಿ ಮಲಗಿದ್ದವು.

ಶನಿವಾರ ಬೆಳಿಗ್ಗೆ ಏಳೂವರೆ. ಹನ್ನೊಂದಕ್ಕೆ ಈ ಮನೆ ಕೊಳ್ಳುವ ಮನಸ್ಸಿದ್ದ ಒಂದು ಕುಟುಂಬ ನೋಡಲು ಬರುವುದಿತ್ತು. ಮಾರಾಟಕ್ಕಿಟ್ಟು ಐದು ವಾರವಾದ ಮೇಲೆ ಬರುತ್ತಿದ್ದ ಮೊದಲನೆಯವರು. ಮನೆ ಮಾರಿಸಿಕೊಡುವ ಏಜೆಂಟ್ ಗೋಪಿ ಫೋನಿನಲ್ಲಿ ಸಾವಿರ ಸಲ ಹೇಳಿದ್ದ.

"ಎಲ್ಲಾ ಬಿಟ್ಟು ಕಿಚನ್ ಕ್ಯಾಬಿನೆಟ್ ತೆಗೆದು ನೋಡ್ತಾರೆ ಮೇಡಂ. ಅರ್ಧ ಖಾಲಿ ಇರ್ಬೇಕು. ತುಂಬಿ ತುಳುಕ್ತಿದ್ರೆ ಈ ಮನೇಲಿ ಜಾಗ ಸಾಲಲ್ಲ ಅಂದ್ಕೊಂಡು ಹೊರಟೋಗ್ತಾರೆ. ಆಮೇಲೆ ಒಗ್ಗರಣೆ ವಾಸನೆ ಬರಬಾರ್ದು."

ಇದು ಅಮೆರಿಕದ ನೋವೈ ಎಂಬ ಊರಿನಲ್ಲಿರುವ ನಮ್ಮ ಮನೆ. ನಾನು ಮಾತ್ರ ಈಗ ಇಲ್ಲಿ ವಾಸವಿಲ್ಲ. ಒಂದೂವರೆ ವರ್ಷದ ಹಿಂದೆ ಇಲ್ಲಿಯ ನನ್ನ ಕೆಲಸ ಹೋಯಿತು. ನಮ್ಮಿಬ್ಬರ ವೀಸಾವೂ ನಿಂತಿರುವುದು ನನ್ನ ಕೆಲಸದ ಮೇಲೆ. ಹೊಸದನ್ನು ಹುಡುಕಿಕೊಳ್ಳಲು ಸಿಗುವುದು ಅರವತ್ತು ದಿನ, ಇಲ್ಲದಿದ್ದರೆ ದೇಶ ಬಿಡಬೇಕು. ಐವತ್ತೆರಡನೆಯ ದಿನ ಚಿಕಾಗೋ ಕಡೆಯ ಎಲ್ಕ್ ಗ್ರೋವ್ ವಿಲೇಜ್‌ನ ಒಂದು ಡೇಟಾ ಸೆಂಟರಿನಲ್ಲಿ ಕೆಲಸ ಸಿಕ್ಕಿತು. ಮೀನ ಮೇಷ ಎಣಿಸುವ ಸ್ಥಿತಿ ಇರಲಿಲ್ಲ. ಅಲ್ಲೇ ಹತ್ತಿರದ ವುಡ್‌ರಿಡ್ಜ್‌ನಲ್ಲಿ ಒಂದೇ ಬೆಡ್‌ರೂಮಿನ ಅಪಾರ್ಟ್‌ಮೆಂಟ್ ಹಿಡಿದೆ. ಅಂದಿನಿಂದ ಎರಡು ವಾರಕ್ಕೊಮ್ಮೆ ಶುಕ್ರವಾರ ಸಂಜೆ ಕಾರು ಹತ್ತಿ ಮುನ್ನೂರು ಮೈಲಿ ಬರುವುದು, ಭಾನುವಾರ ಮತ್ತೆ ಮುನ್ನೂರು ಮೈಲಿ ಹೋಗುವುದು. ಈ ಮನೆ ಮಾರಾಟವಾದರೆ ಜೂನ್‌ನಲ್ಲಿ ಇಳಾಳ ಹತ್ತನೇ ಕ್ಲಾಸು ಮುಗಿದ ಕೂಡಲೇ ಅಪ್ಪ, ಮಗಳು ಅಲ್ಲಿಗೆ ಬರುತ್ತಾರೆ, ಮೂವರೂ ಒಂದೇ ಸೂರಿನ ಕೆಳಗೆ ಇರುತ್ತೇವೆ. ನನಗೆ ಬೇಕಾಗಿದ್ದದ್ದು ಅದೊಂದೇ. ಕೇಶವನ ಕಾರು ಕಂಪನಿಯವರು ಅಲ್ಲಿಂದಲೇ ಕೆಲಸ ಮಾಡಲು ಒಪ್ಪಿದ್ದರು.

ಬುಧವಾರ ಫೋನಿನಲ್ಲಿ ಇವನು ಏನು ಹೇಳಿದ್ದ? "ಕಿಚನ್ ಎಲ್ಲಾ ಆರ್ಗನೈಸ್ ಮಾಡಿದೀನಿ ಕಣೇ. ದೊಡ್ಡ ಡಬ್ಬಗಳನ್ನೆಲ್ಲ ಎತ್ತಿಟ್ಟಿದೀನಿ. ನೀನು ಆರಾಮಾಗಿ ಬಾ." ನಾನೂ ನಂಬಿ ಆರಾಮಾಗಿಯೇ ಬಂದೆ. ನನ್ನ ಬುದ್ಧಿಗಿಷ್ಟು!

ಒಲೆಯ ಮೇಲಿನ ಕ್ಯಾಬಿನೆಟ್ ತೆಗೆದೆ. ಸಾರಿನ ಪುಡಿ, ಹುಳಿಪುಡಿ, ಮೆಂತ್ಯ, ಸಾಸಿವೆ ಇರಬೇಕಾದ ಕಡೆ ನಾಲ್ಕು ಥರದ ಸೀರಿಯಲ್ ಡಬ್ಬಿಗಳಿದ್ದವು. ಅದರ ಪಕ್ಕದ್ದು ತೆಗೆದರೆ ಮೊಸರಿನ ಖಾಲಿ ಪ್ಲಾಸ್ಟಿಕ್ ಡಬ್ಬಗಳು ಮೈಮೇಲೇ ಉದುರಿದವು. ಒಂದೆರಡಲ್ಲ, ಮೂವತ್ತೆಂಟು. ಮುಚ್ಚಳ ಹನ್ನೊಂದು. ಆ ಹನ್ನೊಂದರಲ್ಲಿ ಯಾವುದೂ ಯಾವುದಕ್ಕೂ ಕೂರುವುದಿಲ್ಲ. ಇಡ್ಲಿ ತಟ್ಟೆ ಸಿಂಕಿನ ಕೆಳಗೆ ಫಿನಾಯಿಲಿನ ಜೊತೆ ಕೂತಿತ್ತು. ಅದನ್ನು ಕಂಡಾಗ ನಿಜವಾಗಿಯೂ ಮೈ ಉರಿಯಿತು. ಇಡ್ಲಿ ತಟ್ಟೆಯನ್ನು ಫಿನಾಯಿಲಿನ ಪಕ್ಕ ಇಡುವ ಮನುಷ್ಯ ಕಾರಿನ ಬ್ರೇಕ್ ಡಿಸೈನ್ ಮಾಡುತ್ತಾನೆ! ಈ ಊರಿನ ರಸ್ತೆಗಳನ್ನು ದೇವರೇ ಕಾಯಬೇಕು.

"ಕೇಶವ್!" ಎಂದು ಕೂಗಿದೆ.

ಅವನು ಮಹಡಿಯಿಂದ ಇಳಿದು ಬಂದು ನೆಲದ ಮೇಲೆ ಹರಡಿದ್ದ ಡಬ್ಬಗಳನ್ನು ನೋಡಿದ. "ಯಾಕೆ ಎಲ್ಲಾ ಕೆಳಗೆ ಹಾಕಿದೀಯ? ಮಾಡಿಟ್ಟಿದ್ನಲ್ಲ."

"ಇದು ಮಾಡಿಟ್ಟಿರೋದಾ? ಇದಕ್ಕೆ ಆರ್ಗನೈಸ್ ಅಂತಾರಾ? ಸೌಟೆಲ್ಲಿ?"

"ಐಲ್ಯಾಂಡ್ ಕೆಳಗಿನ ಡ್ರಾಯರ್‌ನಲ್ಲಿ. ಅನ್ನ ಬಡಿಸ್ಕೊಳ್ಳೋದು ಅಲ್ಲೇ ತಾನೇ?"

ಅದಕ್ಕೂ ಒಂದು ನ್ಯಾಯ! ಅಡುಗೆಮನೆಯ ನಡುವೆ ನಿಂತ ಆ ಐಲ್ಯಾಂಡ್ ಕಟ್ಟೆಯಿಂದ ಸೌಟು ತೆಗೆದು ಅದರ ಹಳೇ ಡ್ರಾಯರಿಗೆ ಹಾಕಿ, ಸ್ಕ್ರೂಡ್ರೈವರುಗಳನ್ನು ಅವನ ಕೈಗೆ ತುರುಕಿದೆ. "ಹೋಗಿ ಮನೆಮುಂದೆ ಡ್ರೈವ್‌ವೇಲಿ ಹಿಮ ಎತ್ತು. ಇಲ್ಲಿ ನಿಂತ್ಕೊಂಡು ನನಗೆ ಸಹಾಯ ಮಾಡ್ಬೇಡ," ಎಂದೆ. ಅವನು ಸಲಿಕೆ ತೆಗೆದುಕೊಂಡು ಹೊರಗೆ ಹೋದ.

ಒಂಬತ್ತೂವರೆವರೆಗೆ ತಲೆ ಎತ್ತಲಿಲ್ಲ. ಚಕ್ಕುಲಿ ಒರಳು, ತುರಿಮಣೆ, ಮೂರು ಕುಕ್ಕರಿನಲ್ಲಿ ಎರಡನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಗರಾಜಿಗೆ ಸಾಗಿಸಿದೆ. ದೊಡ್ಡ ಡಬ್ಬಗಳು ಕಾಣಲಿಲ್ಲ. ಅವನ್ನಾದರೂ ಹೇಳಿದ ಹಾಗೆ ಎತ್ತಿಟ್ಟಿದ್ದಾನಲ್ಲ, ಪುಣ್ಯ ಎಂದುಕೊಂಡೆ. ಫ್ರಿಜ್ಜಿನ ಬಾಗಿಲ ತುಂಬ ಅಂಟಿಸಿದ್ದ ಚೀಟಿಗಳನ್ನೂ ಇಳಾಳ ವಾಲಿಬಾಲ್ ಮ್ಯಾಚುಗಳ ಪಟ್ಟಿಯನ್ನೂ ಕಿತ್ತು ಒಂದು ಡ್ರಾಯರಿಗೆ ಹಾಕಿದೆ. ಚಮಚ, ಬಟ್ಟಲು, ಪುಡಿಗಳು ಎಲ್ಲವನ್ನೂ ನಾನಿದ್ದಾಗ ಇದ್ದ ಜಾಗಕ್ಕೇ ತಂದೆ. ಕೈ ಹಳೇ ದಾರಿ ಹಿಡಿದ ಮೇಲೆ ಸಿಟ್ಟೂ ಸ್ವಲ್ಪ ಇಳಿಯಿತು.

ಆಗ ಇಳಾ ಬಂದಳು. ಹದಿನಾರು ವರ್ಷದ ನನ್ನ ಮಗಳು, ಕಿವಿಗೆ ಏನೋ ಸಿಕ್ಕಿಸಿಕೊಂಡು ಬಟ್ಟಲಿಗೆ ಹಾಲು ಸುರಿದುಕೊಂಡು, ಫ್ರಿಜ್ಜಿನ ಪಕ್ಕದ ಡ್ರಾಯರ್ ಎಳೆದಳು.

"ವೇರ್ ಆರ್ ದ ಸ್ಪೂನ್ಸ್?"

"ಎಲ್ಲಿರ್ಬೇಕೋ ಅಲ್ಲಿವೆ. ಸಿಂಕ್ ಪಕ್ಕ. ಮೊದ್ಲಿಂದ್ಲೂ ಅಲ್ಲೇ ತಾನೇ ಇದ್ದಿದ್ದು?"

"ನೋ ಅಮ್ಮಾ. ದೇ ಆರ್ ಆಲ್ವೇಸ್ ಹಿಯರ್." ಅವಳಲ್ಲಿ ಕೋಪವೇನೂ ಇರಲಿಲ್ಲ. ಹೊಸಬರಿಗೆ ದಾರಿ ತೋರಿಸುವವರ ತಾಳ್ಮೆ ಇತ್ತು. ಅದಕ್ಕಿಂತ ಅವಳು ಸಿಡುಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಚಮಚ ತೆಗೆದುಕೊಟ್ಟೆ. ಥ್ಯಾಂಕ್ಯೂ ಎಂದಳು. ತಿಂದು ಸ್ನಾನಕ್ಕೆ ಹೋದಳು.

ಹತ್ತು ಗಂಟೆಗೆ ಗೋಪಿಯ ಫೋನು. "ಮೇಡಂ, ವಾಸನೆ ಹೇಗಿದೆ?"

ಮೂಸಿ ನೋಡಿದೆ. ಹದಿಮೂರು ವರ್ಷದ ಇಂಗು ಐದು ವಾರದಲ್ಲಿ ಎಲ್ಲಿ ಹೋಗುತ್ತದೆ? "ಸ್ವಲ್ಪ ಇದೆ," ಎಂದೆ.

"ಏನಾದ್ರೂ ಬೇಕ್ ಮಾಡಿಬಿಡಿ. ಕುಕೀಸ್, ಕೇಕು, ಏನಾದ್ರೂ ಸರಿ. ಒಳಗೆ ಬಂದ ತಕ್ಷಣ ಘಮ ಅನ್ಬೇಕು."

ಫ್ರಿಜ್ಜಿನಲ್ಲಿ ಇಳಾಳ ಕುಕೀ ಹಿಟ್ಟಿನ ಪೊಟ್ಟಣ ಇತ್ತು. ವುಡ್‌ರಿಡ್ಜ್‌ನ ಆ ಪುಟ್ಟ ಅಡುಗೆಮನೆಯಲ್ಲಿ ಒಬ್ಬಳೇ ಇದ್ದೂ ಇದ್ದೂ ನಾನು ಬೇಕಿಂಗ್ ಕಲಿತಿದ್ದೆ. ಸಂಜೆ ಬಂದವಳೇ ಓವನ್ ಹಚ್ಚಿ, ತರಕಾರಿಗೆ ಎಣ್ಣೆ ಸವರಿ ಒಳಗೆ ತಳ್ಳಿದರೆ ಅದೇ ಊಟ. ಅದೇ ಅಭ್ಯಾಸದಲ್ಲಿ ಇಲ್ಲಿಯೂ ಓವನ್ ಗುಂಡಿ ಒತ್ತಿ ಮುನ್ನೂರೈವತ್ತು ಡಿಗ್ರಿಗೆ ಇಟ್ಟೆ. ಅದು ಕಾಯುವಷ್ಟರಲ್ಲಿ ಸೋಫಾದ ದಿಂಬುಗಳನ್ನು ಸರಿಮಾಡೋಣವೆಂದು ಹೊರಗಿನ ಕೋಣೆಗೆ ಹೋದೆ.

ಮೊದಲು ಬಂದದ್ದು ವಾಸನೆ. ಗೋಪಿ ಹೇಳಿದ ಘಮವಲ್ಲ. ಆಮೇಲೆ ಹೊಗೆಯ ಅಲಾರಂ ಮನೆಯೆಲ್ಲ ಕಿರುಚಿಕೊಂಡಿತು. ಓಡಿ ಬಂದೆ. ಓವನ್ನಿನ ಗಾಜಿನ ಹಿಂದೆ ಎಲ್ಲ ಕಪ್ಪು. ಸಿಕ್ಕಿದ ಗುಂಡಿ ಒತ್ತಿ ಆರಿಸಿದೆ. ಬಾಗಿಲು ಒಂದು ಬೆರಳಷ್ಟು ತೆಗೆದರೆ ಹೊಗೆ ಮುಖಕ್ಕೆ ಹೊಡೆಯಿತು. ಒಳಗೆ ನನ್ನ ದೊಡ್ಡ ಪ್ಲಾಸ್ಟಿಕ್ ಡಬ್ಬಗಳು, ಅವಲಕ್ಕಿಯದು, ರವೆಯದು, ಕಡಲೆಬೇಳೆಯದು, ಕಂಬಿಗಳ ನಡುವೆ ಪಾಯಸದ ಹಾಗೆ ಇಳಿಯುತ್ತಿದ್ದವು. ದೋಸೆ ಹಂಚಿನ ಹಿಡಿ ಕರಗಿ ತಳಕ್ಕೆ ಅಂಟಿತ್ತು.

ಕೇಶವ ಹಿಮದ ಸಲಿಕೆ ಹಿಡಿದೇ ಒಳಗೆ ಬಂದ. ಇಳಾ ತಲೆಗೆ ಟವೆಲ್ ಸುತ್ತಿಕೊಂಡು ಇಳಿದು ಬಂದಳು. ಇಬ್ಬರೂ ಕಿಟಕಿಗಳನ್ನು ತೆಗೆಯತೊಡಗಿದರು. ಹೊರಗೆ ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ.

"ಓವನ್‌ನಲ್ಲಿ ಯಾರಾದ್ರೂ ಪ್ಲಾಸ್ಟಿಕ್ ಇಡ್ತಾರಾ?" ನಾನು ಕಿರುಚಿದೆ. "ಎತ್ತಿಟ್ಟಿದೀನಿ ಅಂದ್ರೆ ಇಲ್ಲಿಟ್ಟಿದೀನಿ ಅಂತಾನಾ?"

"ನೀನೇ ಕಲ್ಸಿದ್ದು ಕಣೇ," ಎಂದ ಕೇಶವ, ಟವೆಲಿನಿಂದ ಅಲಾರಮ್ಮಿಗೆ ಗಾಳಿ ಬೀಸುತ್ತ. "ನಮ್ಮನೆ ಓವನ್ ಇರೋದೇ ಡಬ್ಬ ಇಡೋಕೆ. ಆನ್ ಮಾಡೋ ಮುಂಚೆ ತೆಗೆದು ನೋಡ್ಬೇಕು ಅಂತ ಈ ಮನೇಲಿ ಇರೋರಿಗೆಲ್ಲ ಗೊತ್ತು."

ಮಾಡಿದ್ದುಣ್ಣೋ ಮಹರಾಯ. ಅಮೆರಿಕಕ್ಕೆ ಬಂದ ಹೊಸತರಲ್ಲಿ ನಮ್ಮವರೆಲ್ಲ ಮಾಡುವುದನ್ನೇ ನಾನೂ ಮಾಡಿದ್ದೆ. ಡಿಶ್‌ವಾಶರ್ ಎಂದರೆ ತೊಳೆದ ಪಾತ್ರೆ ಬೋರಲು ಹಾಕುವ ಜಾಗ, ಓವನ್ ಎಂದರೆ ಬಾಣಲೆ, ಡಬ್ಬ ತುಂಬುವ ಕಪಾಟು. ಇಳಾ ಚಿಕ್ಕವಳಿದ್ದಾಗ ಓವನ್ ಗುಂಡಿ ಮುಟ್ಟಿದರೆ ಕೈ ಮೇಲೆ ಏಟು ಕೊಟ್ಟವಳು ನಾನೇ. ಕಾನೂನು ಮಾಡಿದ್ದೂ ನಾನೇ, ಮರೆತದ್ದೂ ನಾನೇ. ಅಷ್ಟರಲ್ಲಿ ಗೋಪಿ ಬೆಲ್ ಮಾಡಿದ, ಬಾಗಿಲ ಕಡೆ ಹೋದೆ.

ಹತ್ತು ನಿಮಿಷ ಮುಂಚೆಯೇ ಬಂದಿದ್ದ. ಅವನ ಹಿಂದೆ ಡ್ರೈವ್‌ವೇಯಲ್ಲಿ ಒಂದು ಕಾರು, ಅದರ ಪಕ್ಕ ಕೈಗೂಸು ಎತ್ತಿಕೊಂಡ ಒಬ್ಬಳು ಹುಡುಗಿ, ಅವಳ ಗಂಡ. ತೆರೆದ ಕಿಟಕಿಗಳಿಂದ ಹೊಗೆ ಹೋಗುತ್ತಿರುವುದನ್ನು ಅವರಿಬ್ಬರೂ ನೋಡುತ್ತ ನಿಂತಿದ್ದರು. ಗೋಪಿ ಹೋಗಿ ಏನೋ ಹೇಳಿದ, ತಿರುಗಿ ಬಂದ.

"ಮಗು ಇದೆ, ಪ್ಲಾಸ್ಟಿಕ್ ಹೊಗೇಲಿ ಒಳಗೆ ಬರಲ್ಲ ಅಂತಿದಾರೆ ಮೇಡಂ. ಸಂಜೆ ಫ್ಲೈಟಂತೆ ಅವರಿಗೆ. ಹನ್ನೆರಡಕ್ಕೆ ಇನ್ನೊಂದು ಮನೆ ತೋರ್ಸೋದಿದೆ, ಅದನ್ನ ಈಗ್ಲೇ ತೋರಿಸ್ತೀನಿ. ಅದು ಒಪ್ಪಿಗೆ ಆಗ್ಬಿಟ್ರೆ..." ಅವನು ವಾಕ್ಯ ಮುಗಿಸಲಿಲ್ಲ. "ಬೇರೆಯವರು ಬರ್ತಾರೆ ಬಿಡಿ."

ಕಾರುಗಳು ಹೋದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಳುವೇ ಬಂತು. ಇನ್ನೆಷ್ಟು ಶುಕ್ರವಾರ, ಇನ್ನೆಷ್ಟು ಮೈಲಿ ಎಂದು ಲೆಕ್ಕ ಹಾಕಲೂ ಧೈರ್ಯವಾಗಲಿಲ್ಲ. ಗಂಡನೂ ಮಗಳೂ ಹೀಗೇ ಸೋತು ಕೂತಿರುತ್ತಾರೆ, ಹೋಗಿ ಸಮಾಧಾನ ಹೇಳಬೇಕು, ಮೊದಲು ನನ್ನ ಬಾಯಿಬಡುಕತನಕ್ಕೆ ಕ್ಷಮೆ ಕೇಳಬೇಕು ಎಂದುಕೊಂಡು ಅಡುಗೆಮನೆಗೆ ಬಂದೆ.

ಕೇಶವ ವಾಲಿಬಾಲ್ ಮ್ಯಾಚುಗಳ ಪಟ್ಟಿಯನ್ನು ಡ್ರಾಯರಿನಿಂದ ತೆಗೆದು ಮತ್ತೆ ಫ್ರಿಜ್ಜಿಗೆ ಅಂಟಿಸುತ್ತಿದ್ದ. ಇಳಾ ಅವನ ಭುಜಕ್ಕೆ ಭುಜ ತಾಗಿಸಿ ಸಣ್ಣಗೆ ನಗುತ್ತಿದ್ದಳು. ನನ್ನನ್ನು ಕಂಡು ನಗು ನಿಂತಿತು. ಬಾಗಿಲಲ್ಲೇ ನಿಂತು ಆ ಹಾಳೆ ನೋಡಿದೆ. ಅದರಲ್ಲಿ ಜೂನ್ ದಾಟಿ ಬರುವ ನವೆಂಬರ್‌ವರೆಗಿನ ತಾರೀಖುಗಳಿದ್ದವು. ಬೆಳಿಗ್ಗೆ ಕಿತ್ತು ಹಾಕುವಾಗ ನಾನು ಓದಿರಲಿಲ್ಲ.

"ಅವರು ಹೋಗಿದ್ದು ನಿಮಗೆ ಖುಷೀನಾ?" ಎಂದೆ.

ತೆರೆದ ಕಿಟಕಿಯಿಂದ ಪಕ್ಕದ ಮನೆಯವರು ಹಿಮ ಎತ್ತುವ ಮೆಷಿನ್ನಿನ ಸದ್ದು ಬರುತ್ತಿತ್ತು.

"ಅಪ್ಪಾ, ಜಸ್ಟ್ ಟೆಲ್ ಹರ್," ಎಂದಳು ಇಳಾ.

ಕೇಶವ ಕುರ್ಚಿ ಎಳೆದುಕೊಂಡ, ಕೂರಲಿಲ್ಲ. "ಹತ್ತನೇದು ಮುಗಿದ್ರೆ ಅವಳಿಗೆ ಇನ್ನೆರಡೇ ವರ್ಷ ಸ್ಕೂಲು ಶುಭಾ. ಟೀಮು, ಫ್ರೆಂಡ್ಸು ಎಲ್ಲಾ ಇಲ್ಲೇ. ಅದೊಂದು ಮುಗೀಲಿ ಅಂತ."

"ಯಾವಾಗ ಮಾತಾಡ್ಕೊಂಡ್ರಿ ನೀವಿಬ್ರೂ?"

"ಮಾತಾಡ್ಕೊಂಡ್ವಿ ಅಂತೇನಿಲ್ಲ... ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ."

ನವೆಂಬರ್ ಕೊನೆಯ ಆ ಹಬ್ಬದ ಹೊತ್ತಿಗೆ ಇನ್ನೂ ಮನೆಯನ್ನು ಮಾರಾಟಕ್ಕೆ ಇಟ್ಟೇ ಇರಲಿಲ್ಲ. ಈಗ ಫೆಬ್ರವರಿ. "ಮತ್ತೆ ಮನೆ ಮಾರೋ ಪೇಪರ್‌ಗೆ ಯಾಕೆ ಸೈನ್ ಮಾಡ್ದೆ? ಗೋಪಿನ ಯಾಕೆ ಕರೆಸ್ದೆ? ನನ್ನ ಯಾಕೆ ಬೆಳಿಗ್ಗೆಯಿಂದ ಈ ಡಬ್ಬಗಳ ಜೊತೆ ಒದ್ದಾಡೋಕೆ ಬಿಟ್ಟೆ?"

"ಅಷ್ಟು ದೂರ ಡ್ರೈವ್ ಮಾಡ್ಕೊಂಡು ಬರ್ತೀಯ. ಬಂದಾಗೆಲ್ಲ ಜೂನ್, ಜೂನ್ ಅಂತೀಯ. ನಿನ್ ಮುಖ ನೋಡ್ಕೊಂಡು ಹೇಗೆ ಹೇಳ್ಲಿ? ಮಾರಾಟ ಆದ್ರೆ ಆಗ್ಲಿ, ಇಲ್ದಿದ್ರೆ ಇಲ್ಲೇ ಉಳಿಯೋಕೆ ಅದೇ ಒಂದು ಕಾರಣ ಅಂದ್ಕೊಂಡೆ." ಅವನ ಕಣ್ಣು ತುಂಬಿತ್ತು. ಸುಳ್ಳು ಹೇಳಿದವನು ಅಳುವುದನ್ನು ಕಂಡು ನನ್ನ ಸಿಟ್ಟು ಇನ್ನಷ್ಟು ಏರಬೇಕಿತ್ತು. ಏರಲಿಲ್ಲ. ಬೆಳಿಗ್ಗೆಯಿಂದ ಧಾರಾಳವಾಗಿದ್ದ ಸಿಟ್ಟು ಬೇಕಾದ ಹೊತ್ತಿಗೆ ಕೈಕೊಟ್ಟಿತು.

ಇವರು ನನ್ನನ್ನು ಬೇಡವೆಂದವರಲ್ಲ. ನನ್ನನ್ನು ಬಿಟ್ಟು ಬದುಕುವುದನ್ನು ಕಲಿತುಬಿಟ್ಟಿದ್ದರು, ಅಷ್ಟೇ. ಐಲ್ಯಾಂಡಿನ ಕೆಳಗಿನ ಸೌಟಿಗೂ ಫ್ರಿಜ್ಜಿನ ಪಕ್ಕದ ಚಮಚಗಳಿಗೂ ಅರ್ಥವಿತ್ತು. ಎರಡು ಗಂಟೆ ಕೂತು ಅದನ್ನೆಲ್ಲ ಕೆಡಿಸಿದವಳು ನಾನು.

ಹೊಗೆ ಹೋಗಿ ಚಳಿ ಉಳಿದಿತ್ತು. ಕೇಶವ ಒಂದೊಂದೇ ಕಿಟಕಿ ಮುಚ್ಚಿಕೊಂಡು ಬಂದ. ಏನು ಮಾಡಲೂ ತೋಚದೆ ನಾನು ಮೇಲಿನ ಕ್ಯಾಬಿನೆಟ್ಟಿನಿಂದ ಪುಡಿಗಳ ಡಬ್ಬಿಗಳನ್ನು ಇಳಿಸತೊಡಗಿದೆ. ಅವರಿಗೆ ಅನುಕೂಲವಾದ ಹಾಗೇ ಇರಲಿ. ಹುಳಿಪುಡಿಯ ಡಬ್ಬಿ ಹಿಡಿದು ಇಳಾಳ ಕಡೆ ತಿರುಗಿದೆ.

"ಇದನ್ನ ಎಲ್ಲಿಡ್ಲಿ?"

ಇಳಾ ನನ್ನ ಕೈಯಿಂದ ಅದನ್ನು ಮೆಲ್ಲಗೆ ತೆಗೆದುಕೊಂಡಳು. ಬೆನ್ನ ಮೇಲೆ ಕೈಯಿಟ್ಟು ಕುರ್ಚಿಯ ಕಡೆ ಕರೆದೊಯ್ದಳು.

"ನೀನ್ ಕೂತ್ಕೋ ಅಮ್ಮಾ," ಎಂದಳು, ಅಪರೂಪಕ್ಕೆ ಕನ್ನಡದಲ್ಲಿ. "ನಾವ್ ಮಾಡ್ತೀವಿ. ಯು ಡ್ರೋವ್ ಆಲ್ ದ ವೇ."

ನಮ್ಮ ಮನೆಗೆ ಊಟಕ್ಕೆ ಬಂದವರು ಪಾತ್ರೆ ತೊಳೆಯಲು ಎದ್ದರೆ ನಾನೂ ಹೀಗೇ ಬೆನ್ನ ಮೇಲೆ ಕೈಯಿಟ್ಟು ಕೂರಿಸುತ್ತಿದ್ದೆ. ಕೂತೆ.