ಮುಖವಿಲ್ಲದ ಜಾಹೀರಾತು

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ನಮ್ಮ ಮಾಧ್ಯಮ ವಿಭಾಗದಲ್ಲಿ ನಡೆಯುವುದಿಲ್ಲ. ಪ್ರದರ್ಶನದ ದಿನ ಒಬ್ಬರು ಎದ್ದು ನಿಂತು, ಸಹಪಾಠಿಗಳ ಕಿರುಚಿತ್ರಗಳನ್ನೂ ತಮ್ಮದೇ ಗುಂಪಿನ ಜಾಹೀರಾತನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯಬೇಕು. 'ಚೆನ್ನಾಗಿದೆ' ಎಂದು ಹೇಳಿ ಕೂರುವಂತಿಲ್ಲ. ಏನು ಕಂಡಿತು, ಯಾಕೆ ಹಿಡಿಸಿತು ಎಂದು ಬಿಡಿಸಿ ಹೇಳಬೇಕು. ಈ ಸಲ ಸರದಿ ನನ್ನದು. ಮಾತಿಗೆ ಹೆದರುವ ಜಾತಿಯವಳಲ್ಲ ನಾನು. ಆದರೆ ಹಿಂದಿನ ಸಾಲಿನಲ್ಲಿ ನನ್ನ ಸೋದರಮಾವ ಅತ್ತೆಯನ್ನು ಕರೆದುಕೊಂಡು ಬಂದು ಕೂತಿದ್ದ, ಹೊಸ ನೀಲಿ ಷರ್ಟು ಹಾಕಿಕೊಂಡು.

ನಮ್ಮ ಜಾಹೀರಾತು ಅವನ ಕಟಿಂಗ್ ಅಂಗಡಿಯದು. ಆ ಷರ್ಟನ್ನು ಚಿತ್ರೀಕರಣಕ್ಕೆಂದೇ ಹೊಲಿಸಿದ್ದ. ಮಣಿಕಟ್ಟಿನ ಗುಂಡಿಯನ್ನೂ ಬಿಡದೆ ಹಾಕಿ ನಿಂತಿದ್ದ. 'ಬನ್ನಿ, ನಿಮ್ಮ ಮುಖಕ್ಕೆ ಕಳೆ ಕೊಡ್ತೀವಿ' ಎನ್ನುವುದಷ್ಟೇ ಅವನ ಮಾತು. ದಿನವಿಡೀ ಗಿರಾಕಿಗಳನ್ನು ನಗಿಸುವ ಮನುಷ್ಯ ಕ್ಯಾಮೆರಾ ಕಂಡೊಡನೆ ಕೋಲು ನುಂಗಿದವನಂತಾದ. ಸಾವಿನ ಸುದ್ದಿ ತಿಳಿಸುವಂತೆ ಆ ಮಾತು ಹೇಳಿದ. ಎಷ್ಟು ಸಲ ತೆಗೆದರೂ ಅದೇ ಪಾಡು.

ಗುಂಪಿನಲ್ಲಿ ಸಂಕಲನ ಮಾಡುವವಳನ್ನು ನಾವು ಕತ್ತರಿ ಎಂದೇ ಕರೆಯುತ್ತೇವೆ. ಅವಳು ಮಾವನ ಮುಖವನ್ನು ಪೂರ್ತಿ ತೆಗೆದುಹಾಕಿದಳು. ಉಳಿಸಿಕೊಂಡದ್ದು, ಷರ್ಟು ಹಾಕಿಕೊಳ್ಳುವ ಮುಂಚೆ, ನಾವು ಬೆಳಕು ಸರಿಮಾಡಿಕೊಳ್ಳಲೆಂದು ಸುಮ್ಮನೆ ತೆಗೆದಿದ್ದ ತುಣುಕುಗಳನ್ನು. ಆಗ ಮಾವ ಬನಿಯನ್ನಿನಲ್ಲಿದ್ದ, ಕುರ್ಚಿಯಲ್ಲಿ ಒಬ್ಬ ವಯಸ್ಸಾದ ಗಿರಾಕಿ ಕೂತಿದ್ದರು. ಕ್ಯಾಮೆರಾ ಓಡುತ್ತಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

"ಬೀದಿಗೆಲ್ಲ ಹೇಳ್ಕೊಂಡು ಬಂದಿದಾನೆ ಕಣೇ. ಕೊನೇಲಿ ಒಂಚೂರು ಮುಖ ಹಾಕು," ಎಂದು ಬೇಡಿಕೊಂಡೆ.

"ಹಾಕಿದ್ರೆ ಕೆಡುತ್ತೆ. ಅಷ್ಟು ಬೇಕಿದ್ರೆ ನೀನೇ ಹಾಕ್ಕೋ," ಎಂದಳು ಕತ್ತರಿ.

ನಾನೇ ಹಾಕಿದೆ. ಹೀಗೆ ಪೆನ್‌ಡ್ರೈವಿನಲ್ಲಿ ಎರಡು ಜಾಹೀರಾತುಗಳಾದವು, ಮುಖವಿದ್ದದ್ದೊಂದು, ಇಲ್ಲದ್ದೊಂದು. ಅತ್ತ ದರಿ, ಇತ್ತ ಪುಲಿ. ಮುಖವಿದ್ದದ್ದನ್ನೇ ತೋರಿಸುವುದೆಂದು ಮನೆ ಬಿಡುವಾಗಲೇ ಗಟ್ಟಿಮಾಡಿಕೊಂಡಿದ್ದೆ. ಅಂಕ ಹೋದರೆ ಹೋಗಲಿ, ನನಗೆ ಇರುವುದು ಒಬ್ಬನೇ ಮಾವ.

ಆ ನಿರ್ಧಾರ ಕೆಡಿಸಿದ್ದು ಲಂಬುವಿನ ಕಿರುಚಿತ್ರ. ಲಂಬು ನಮ್ಮ ತರಗತಿಯ ಎತ್ತರದ ಹುಡುಗ, ಮಾತು ಕಡಿಮೆ. ಅವನ ಚಿತ್ರದಲ್ಲಿ ಒಬ್ಬ ಅಜ್ಜಿ ಸೈಕಲ್ ಕಲಿಯುತ್ತಾಳೆ. ಬೀಳುತ್ತಾಳೆ, ಮೊಣಕಾಲು ಉಜ್ಜಿಕೊಳ್ಳುತ್ತಾಳೆ, ಸೈಕಲ್ಲಿಗೇ ಬೈಯುತ್ತಾಳೆ. ಹಿಂದೆ ಹಿಡಿದುಕೊಂಡು ಓಡುವವಳು ಮೊಮ್ಮಗಳು. ಕೊನೆಯಲ್ಲಿ ತೆರೆಯ ಮೇಲೆ ಮೊಮ್ಮಗಳೊಬ್ಬಳೇ ಇದ್ದಾಳೆ, ಬರಿಗೈಯಲ್ಲಿ, ಏದುಸಿರು ಬಿಡುತ್ತ. ಬೀದಿಯ ತಿರುವಿನಾಚೆಯಿಂದ ಸೈಕಲ್ ಬೆಲ್ ಕೇಳುತ್ತದೆ. ಮುಗಿಯಿತು.

ನನಗೆ ಮೈ ಜುಮ್ಮೆಂದಿತು. ಎದ್ದು ನಿಂತವಳು ಬಾಯಿಗೆ ಬಂದದ್ದನ್ನೆಲ್ಲ ಹೇಳಿಬಿಟ್ಟೆ.

"ಅಜ್ಜಿ ಸೈಕಲ್ ಓಡಿಸಿದ್ದನ್ನ ಇವನು ತೋರಿಸ್ಲೇ ಇಲ್ಲ. ಆದ್ರೂ ನಾನು ನೋಡ್ದೆ. ನಾನಾಗಿದ್ರೆ ಆಸೆ ತಡೀಲಾರದೆ ತೋರಿಸಿಬಿಡ್ತಿದ್ದೆ, ಎಲ್ಲ ಹಾಳಾಗ್ತಿತ್ತು. ಬಿಡೋದಕ್ಕೂ ಎದೆಗಾರಿಕೆ ಬೇಕು."

ಲಂಬುವಿನ ಕಿವಿ ಕೆಂಪಾಯಿತು. ಕತ್ತರಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಅಯ್ಯೋ ನನ್ನ ಬಾಯಿಗಿಷ್ಟು, ಎಂದುಕೊಂಡೆ.

"ಈಗ ನಿಮ್ದು ಹಾಕಮ್ಮ," ಎಂದರು ಮೇಡಂ.

ಹಿಂದಿನ ಸಾಲಿನಲ್ಲಿ ಮಾವ ಕಾಲರು ಸರಿಮಾಡಿಕೊಂಡು ನೆಟ್ಟಗೆ ಕೂತ. ಹೇಳಿದ ಮಾತನ್ನು ನುಂಗುವ ಹಾಗಿರಲಿಲ್ಲ. ಮುಖವಿಲ್ಲದ್ದನ್ನೇ ಒತ್ತಿದೆ.

ತೆರೆಯ ತುಂಬ ಎರಡು ಕೈಗಳು. ಎಡಗೈಯ ಬೆರಳುಗಳು ಮುದುಕರ ಗಲ್ಲವನ್ನು ಮುಟ್ಟಿಯೂ ಮುಟ್ಟದಂತೆ ತಿರುಗಿಸುತ್ತವೆ. ಕೂದಲು ಸಿಗದಿದ್ದಾಗಲೂ ಕತ್ತರಿ ಗಾಳಿಯಲ್ಲಿ ಕಚಕಚ ಎನ್ನುತ್ತಲೇ ಇರುತ್ತದೆ. ನಿದ್ದೆ ಹೋದ ಕೂಸನ್ನು ಪಕ್ಕಕ್ಕೆ ಸರಿಸುವಂತೆ ಹೆಬ್ಬೆರಳು ಕಿವಿಯನ್ನು ಮೆಲ್ಲಗೆ ಮಡಚುತ್ತದೆ, ಅದರ ಹಿಂದೆ ಕ್ಷೌರದ ಕತ್ತಿ ಆಡುತ್ತದೆ. ಕೊನೆಗೆ ಬ್ರಷ್ ಕುತ್ತಿಗೆ ಸವರುತ್ತದೆ, ಮುದುಕರು ತಮ್ಮ ಕೆನ್ನೆಯನ್ನೇ ಮುಟ್ಟಿ ನೋಡಿಕೊಂಡು ಬೆನ್ನು ನೆಟ್ಟಗೆ ಮಾಡುತ್ತಾರೆ. ಅಂಗಡಿಯ ಹೆಸರು ಬರುತ್ತದೆ. ಒಂದು ಮಾತೂ ಇಲ್ಲ.

ನಾನು ತರಗತಿಯ ಕಡೆ ತಿರುಗಿದೆ.

"ಆ ಕೈ ಕಿವಿ ಮಡಚೋದು ನೋಡಿ," ಎಂದೆ. "ಚಿಕ್ಕವಳಿದ್ದಾಗ ನನ್ನ ಕೂದಲು ಕತ್ತರಿಸಿದ್ದೂ ಅದೇ ಕೈ. ನಾನು ಒಂದು ಸಲಾನೂ ಅತ್ತಿಲ್ಲ. ಯಾಕೆ ಅಂತ ಇವತ್ತು ಕಂಡಿತು. ಈ ತುಣುಕುಗಳನ್ನ ಆರಿಸಿದ್ದು ಕತ್ತರಿ. ನಾನು ಬೇಡ ಅಂದಿದ್ದೆ."

ಹೊರಗೆ ಮೊಗಸಾಲೆಯಲ್ಲಿ ಮಾವ ಗೋಡೆಗೆ ಒರಗಿ ನಿಂತಿದ್ದ.

"ಮುಖ ಎಲ್ಲೇ ನಂದು?"

"ತೆಗೆದ್ವಿ ಮಾವ."

"ಷರ್ಟು?"

"ಅದೂ ಇಲ್ಲ. ಬೇಜಾರಾ?"

ಅತ್ತೆ ನಡುವೆ ಬಾಯಿ ಹಾಕಿದಳು. "ಒಳ್ಳೇದೇ ಆಯ್ತು ಬಿಡೆ. ಕನ್ನಡಿ ಮುಂದೆ ನಿಂತು ಕಳೆ ಕೊಡ್ತೀವಿ, ಕಳೆ ಕೊಡ್ತೀವಿ ಅಂತ ನನ್ನ ತಲೆ ತಿಂದಿದಾರೆ. ಅದನ್ನ ಇಲ್ಲೂ ಕೇಳಬೇಕಿತ್ತಾ?" ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ರೀ, ನಿಮ್ಮ ಕೈ ಅಷ್ಟು ಚೆಂದ ಇದೆ ಅಂತ ನಂಗೇ ಗೊತ್ತಿರಲಿಲ್ಲ."

"ನಂಗೂ ಗೊತ್ತಿರಲಿಲ್ಲ ಕಣೇ," ಎಂದ ಮಾವ ನಿಧಾನವಾಗಿ. "ಇನ್ಯಾರನ್ನೋ ಕರ್ಕೊಂಡು ಬಂದು ಮಾಡಿಸಿದಾರೆ ಅಂದ್ಕೊಂಡೆ. ಹೊಟ್ಟೆ ಉರೀತು. ಅವನಿಗೆ ಕೆಲಸ ಬೇರೆ ಚೆನ್ನಾಗಿ ಬರುತ್ತೆ. ಕಿವಿ ಮಡಚಿದಾಗ ಗೊತ್ತಾಯ್ತು, ಅದು ನಾನು ಅಂತ."

ಅಷ್ಟು ಹೇಳಿ ಮಣಿಕಟ್ಟಿನ ಗುಂಡಿ ಬಿಚ್ಚಿದ. ಒಂದು ತೋಳು, ಆಮೇಲೆ ಇನ್ನೊಂದು, ಮೊಣಕೈವರೆಗೆ ಮಡಚಿದ. ಮೆಟ್ಟಿಲಿಳಿದು ಹೋಗುವಾಗ ಕೈಗಳನ್ನು ಹೇಗೆ ಹಿಡಿಯಬೇಕೆಂದು ತಿಳಿಯದವನಂತೆ, ಮೈಯಿಂದ ಒಂದಿಷ್ಟು ದೂರವೇ ಇಟ್ಟುಕೊಂಡು ನಡೆದ.

ಗೇಟಿನ ಕಾವಲುಗಾರ ಕೇಳಿದ, "ಏನ್ ಸಾರ್, ಕೈಗೇನಾಯ್ತು?"

"ಏನೂ ಆಗಿಲ್ಲಪ್ಪ. ಈಗ ತಾನೆ ಪರದೆ ಮೇಲೆ ಬಂದಿತ್ತು, ನೋಡು," ಎಂದು ಮಾವ ಎರಡೂ ಕೈಗಳನ್ನು ಅವನ ಮುಂದೆ ಚಾಚಿದ.